ಹಳೆ ಕುದುರೆ ಮಸಾಲೆ ಮಡಿಯಲ್ಲಿ ಹೊಸ ಬೀಜ ಏಕೆ ಏಳುವುದಿಲ್ಲ?



ಕಳೆದ ಚಳಿಗಾಲದಲ್ಲಿ ಒಂದು ಸಂಘಕ್ಕೆ ಭೇಟಿ ನೀಡಿದ್ದಾಗ ಸದಸ್ಯರೊಬ್ಬರು ತಮ್ಮ ಮೇವಿನ ತಾಕಿಗೆ ಕರೆದೊಯ್ದರು. ನಾಲ್ಕು ವರ್ಷದ ಲೂಸರ್ನ್, ಅಂದರೆ ಕುದುರೆ ಮಸಾಲೆ, ಅಲ್ಲಲ್ಲಿ ಬೋಳಾಗಿತ್ತು. ಖಾಲಿ ಜಾಗಕ್ಕೆ ಎರಡು ಸಲ ಬೀಜ ಚೆಲ್ಲಿದ್ದರು. "ಡಾಕ್ಟ್ರೇ, ಮೊಳಕೆ ಬರುತ್ತೆ, ಬೆರಳುದ್ದ ಆಗೋದರೊಳಗೆ ಹಳದಿಯಾಗಿ ಸಾಯುತ್ತೆ. ಬೀಜವೇ ಕೆಟ್ಟದ್ದು" ಎಂದರು. ಅದೇ ಬೀಜವನ್ನು ಅವರ ಮನೆಯವರು ಹಿತ್ತಲಲ್ಲಿ ಒಂದಿಷ್ಟು ಹಾಕಿದ್ದರು. ಅಲ್ಲಿ ಅದು ಸೊಂಪಾಗಿ ಬೆಳೆದಿತ್ತು. ದೋಷ ಬೀಜದ್ದಲ್ಲ, ಹಳೆಯ ಗಿಡಗಳದ್ದು.

ಗಿಡವೂ ವಿಷ ಬಿಡುತ್ತದೆ

ಕೆಲವು ಸಸ್ಯಗಳು ಬೇರಿನಿಂದ, ಎಲೆಯಿಂದ ಹಾಗೂ ಕೊಳೆಯುವ ಕಸದಿಂದ ರಾಸಾಯನಿಕಗಳನ್ನು ಮಣ್ಣಿಗೆ ಬಿಟ್ಟು ಪಕ್ಕದ ಗಿಡಗಳ ಬೆಳವಣಿಗೆಯನ್ನು ತಡೆಯುತ್ತವೆ. ಸಸ್ಯವಿಜ್ಞಾನಿ ಹ್ಯಾನ್ಸ್ ಮೋಲಿಶ್ 1937ರಲ್ಲಿ ಇದನ್ನು 'ಅಲೆಲೋಪತಿ' ಎಂದು ಕರೆದರು. ನಮ್ಮ ಹೊಲದ ಬದುಗಳಲ್ಲಿನ ಪಾರ್ಥೇನಿಯಂ ಕಳೆಗೂ ಈ ಗುಣವಿದೆ. ಜೋಳದ ಬೇರು ಸಹ ಇಂಥ ಎಣ್ಣೆಯಂಥ ವಸ್ತುವನ್ನು ಸ್ರವಿಸಿ ಸಣ್ಣ ಕಳೆಗಳನ್ನು ಹತ್ತಿಕ್ಕುತ್ತದೆ.

ಕುದುರೆ ಮಸಾಲೆಯ ವಿಶೇಷವೆಂದರೆ ಅದು ತನ್ನ ಜಾತಿಯ ಸಸಿಯನ್ನೇ ಬಾಧಿಸುತ್ತದೆ. ನೀರಿನಲ್ಲಿ ಕರಗುವ ಈ ವಸ್ತು ಎಳೆ ಸಸಿಯ ತಾಯಿಬೇರನ್ನು ಮೊಟಕುಗೊಳಿಸುತ್ತದೆ. ಬದುಕಿದ ಸಸಿಯೂ ಆಳಕ್ಕೆ ಬೇರು ಬಿಡಲಾರದೆ ಕೊನೆಯವರೆಗೂ ಕಡಿಮೆ ಮೇವು ಕೊಡುತ್ತದೆ. ಅಮೆರಿಕದ ಮಿಸೌರಿಯಲ್ಲಿ ನಡೆದ ಪ್ರಯೋಗಗಳಲ್ಲಿ ಹಳೆ ಗಿಡದಿಂದ 20 ಸೆಂ.ಮೀ. ಒಳಗೆ, ಅಂದರೆ ಸುಮಾರು ಒಂದು ಗೇಣಿನೊಳಗೆ, ಹೊಸ ಸಸಿ ಉಳಿಯುವುದೇ ಕಷ್ಟವಾಯಿತು. 20ರಿಂದ 40 ಸೆಂ.ಮೀ. ದೂರದಲ್ಲಿ ಸಸಿ ಉಳಿದರೂ ಇಳುವರಿ ಕುಗ್ಗಿತು.

ಮನೆಯಲ್ಲೇ ಪರೀಕ್ಷೆ

ಬೀಜ ಏಳದಿರಲು ನೀರು ನಿಲ್ಲುವುದು, ಹುಳಿ ಮಣ್ಣು, ಕಳಪೆ ಬೀಜ ಸಹ ಕಾರಣವಿರಬಹುದು. ಹಳೆ ತಾಕಿನ ಮಣ್ಣನ್ನು ಒಂದು ಕುಂಡಕ್ಕೆ, ಕುದುರೆ ಮಸಾಲೆ ಬೆಳೆಯದ ಹೊಲದ ಅದೇ ಬಗೆಯ ಮಣ್ಣನ್ನು ಇನ್ನೊಂದಕ್ಕೆ ತುಂಬಿ, ಎರಡಕ್ಕೂ 20 ಬೀಜ ಹಾಕಿ. ಮೂರು ವಾರದ ನಂತರ ಸಸಿಗಳನ್ನು ಕಿತ್ತು ಬೇರಿನ ಉದ್ದ ಹೋಲಿಸಿ. ಎರಡರಲ್ಲೂ ಏಳದಿದ್ದರೆ ಬೀಜವನ್ನು ಸಂಶಯಿಸಿ. ಹಳೆ ಮಣ್ಣಿನಲ್ಲಿ ಮಾತ್ರ ಬೇರು ಮೊಟಕಾಗಿದ್ದರೆ ದೋಷ ಆ ಮಣ್ಣಿನದು.

ಏನು ಮಾಡಬೇಕು?

1. ಹಳೆ ತಾಕಿನ ಬೋಳು ಜಾಗಕ್ಕೆ ಮತ್ತೆ ಅದೇ ಬೀಜ ಚೆಲ್ಲಿ ಹಣ ಕಳೆಯಬೇಡಿ. ಹೊಸದಾಗಿ ಬಿತ್ತಿದ ತಾಕಿನಲ್ಲಿ ಮಾತ್ರ ಮೊದಲ ಕೆಲವು ವಾರಗಳಲ್ಲೇ ಖಾಲಿ ಜಾಗ ತುಂಬಿ.
2. ಗಿಡ ತೆಳ್ಳಗಾದ ಮೇಲೆ ಉತ್ತು, ಕನಿಷ್ಠ ಒಂದು ವರ್ಷ ಮುಸುಕಿನ ಜೋಳ, ಜೋಳ ಅಥವಾ ರಾಗಿ ಬೆಳೆಯಿರಿ. ಕುದುರೆ ಮಸಾಲೆ ದ್ವಿದಳ ಸಸ್ಯವಾದ್ದರಿಂದ ಮಣ್ಣಿನಲ್ಲಿ ಸಾರಜನಕ ಉಳಿದಿರುತ್ತದೆ. ಮುಂದಿನ ಬೆಳೆಗೆ ಯೂರಿಯಾ ಕಡಿಮೆ ಸಾಕು.
3. ಮಳೆ, ನೀರಾವರಿಯಿಂದ ಈ ವಸ್ತು ಕೆಳಕ್ಕಿಳಿಯುತ್ತದೆ. ಮರಳು ಮಣ್ಣಿನಲ್ಲಿ ಬೇಗ, ಎರೆ ಮಣ್ಣಿನಲ್ಲಿ ನಿಧಾನ.
4. ಹಳೆಯದನ್ನು ಉಳುವ ಮೊದಲೇ ಬೇರೆ ಜಾಗದಲ್ಲಿ ಹೊಸ ತಾಕು ಸಿದ್ಧಪಡಿಸಿ. ಇಲ್ಲವಾದರೆ ಹಸಿರು ಮೇವು ನಿಂತು, ಹಿಂಡಿಯ ಖರ್ಚು ಏರುತ್ತದೆ.

ಎಚ್ಚರಿಕೆ

ಬದಲಿ ಬೆಳೆಯಾಗಿ ಜೋಳ ಹಾಕಿದವರು ಮರೆಯಬಾರದ ಮಾತೊಂದಿದೆ. ಎಳೆ ಜೋಳದಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿದ ಪೈರು ಹಾಗೂ ಕೂಳೆ ಚಿಗುರಿನಲ್ಲಿ, ಸೈನೈಡ್ ವಿಷ ಉಂಟುಮಾಡುವ ವಸ್ತು ಹೆಚ್ಚಿರುತ್ತದೆ. ಅದನ್ನು ಮೇಯ್ದ ಹಸು ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಟ್ಟು ನೆಲಕ್ಕುರುಳಬಹುದು. ಹೂ ಬಂದ ಮೇಲೆಯೇ ಕೊಯ್ದು ಹಾಕಿ. ಇಂಥ ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಿ. ಸಕಾಲದಲ್ಲಿ ಚುಚ್ಚುಮದ್ದು ಕೊಟ್ಟರೆ ರಾಸು ಉಳಿಯುವ ಸಾಧ್ಯತೆಯಿದೆ.

ಭೇಟಿ ನೀಡಿದ ಆ ಸದಸ್ಯರು ಈಗ ಹಳೆ ತಾಕಿನಲ್ಲಿ ಮುಸುಕಿನ ಜೋಳ ಹಾಕಿದ್ದಾರೆ, ಹಿತ್ತಲನ್ನೇ ಕುದುರೆ ಮಸಾಲೆಗೆ ಬಿಟ್ಟಿದ್ದಾರೆ. ಹೆಚ್ಚಿನ ಮಾಹಿತಿ ಬೇಕಾದವರು ತಮ್ಮ ಸಂಘದ ಕಾರ್ಯದರ್ಶಿಗಳ ಮೂಲಕ ಒಕ್ಕೂಟದ ಪಶುವೈದ್ಯರನ್ನು ಸಂಪರ್ಕಿಸಬಹುದು.