ಸೊಂಟದ ಸುತ್ತಳತೆ ಹತೋಟಿಗೆ ಏಳು ಸೂತ್ರಗಳು

ಹೊಟ್ಟೆ ಬಂದವರನ್ನು ಸೋಮಾರಿಗಳೆಂದು ಹಂಗಿಸುವುದು ಅನ್ಯಾಯ. ಮಾಡುವ ಕೆಲಸ, ಕೈಯಲ್ಲಿರುವ ಕಾಸು, ವಾಸಿಸುವ ಜಾಗ, ಮನೆಯ ಹೊಣೆ ಇವೆಲ್ಲ ಸೇರಿ ಬೊಜ್ಜು ಬೆಳೆಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 57, ಪುರುಷರಲ್ಲಿ ಸುಮಾರು ಶೇ 48 ಮಂದಿಯ ಸೊಂಟ–ನಿತಂಬದ ಅನುಪಾತ ಅಪಾಯದ ಗೆರೆ ದಾಟಿದೆ. ನಿಮ್ಮ ಬದುಕಿನಲ್ಲಿ ಬೊಜ್ಜಿಗೆ ದಾರಿ ಎಲ್ಲಿದೆಯೆಂದು ಮೊದಲು ಗುರುತಿಸಿ. ಅಲ್ಲೇ ತಡೆಯಿರಿ.

1. ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಎಚ್ಚರಿಕೆಯ ಗಂಟೆ.

2. ಸಣ್ಣಗಿದ್ದೇನೆಂದು ಮೈಮರೆಯಬೇಡಿ. ಭಾರತೀಯರಲ್ಲಿ ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂರುವುದು ಸಾಮಾನ್ಯ. ಯಕೃತ್ತಿನ ಸುತ್ತ ಸೇರುವ ಈ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಬಂದು ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತದೆ.

3. ಕುರ್ಚಿಯಿಂದ ಏಳಿ. ಗುಮಾಸ್ತರು, ಚಾಲಕರು, ದರ್ಜಿಗಳು, ಸಾಫ್ಟ್‌ವೇರ್ ಉದ್ಯೋಗಿಗಳು ಎಲ್ಲರದೂ ಕೂತು ಮಾಡುವ ದುಡಿಮೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ. ಹೊಟ್ಟೆಯ ಕಸರತ್ತು ಸ್ನಾಯುವನ್ನು ಗಟ್ಟಿ ಮಾಡುತ್ತದೆ, ಅಲ್ಲಿನ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ.

4. ಮನೆಯೊಡತಿಗೆ ಸಮಯ ಕೊಡಿ. ಎಲ್ಲರಿಗೂ ಬಡಿಸಿ, ರಾತ್ರಿ ಹತ್ತರ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನವನ್ನು ಚೆಲ್ಲಲು ಮನಸ್ಸಾಗದೆ ತಾನೇ ಉಂಡು ಮುಗಿಸುವ ತಾಯಿ ಎಷ್ಟೋ ಮನೆಗಳಲ್ಲಿದ್ದಾಳೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ದಿನಕ್ಕೆ ಅರ್ಧ ಗಂಟೆ ಅಡುಗೆಮನೆ ನೀವು ನೋಡಿಕೊಂಡು, ಆಕೆಯನ್ನು ನಡೆಯಲು ಕಳಿಸಿ.

5. ತಟ್ಟೆಯ ಲೆಕ್ಕ ಬದಲಿಸಿ. ಅಕ್ಕಿ ಅಗ್ಗ, ತರಕಾರಿ ದುಬಾರಿ ಎನ್ನುವುದು ಬಡವರ ನಿಜವಾದ ಕಷ್ಟ. ಅನ್ನ ಒಂದು ಸೌಟು ಇಳಿಸಿ, ಹುರುಳಿ, ಅಲಸಂದೆ, ಋತುವಿನ ಸೊಪ್ಪು ಏರಿಸಿ. ರಾಗಿ ಮುದ್ದೆಯಾದರೂ ಅಳತೆ ಇರಲಿ.

6. ಕೈತುಂಬ ಕಾಸಿದ್ದವರು ಇನ್ನಷ್ಟು ಎಚ್ಚರವಹಿಸಿ. ನಮ್ಮ ದೇಶದಲ್ಲಿ ಹೊಟ್ಟೆಯ ಬೊಜ್ಜು ಸಿರಿವಂತರಲ್ಲೂ ನಗರವಾಸಿಗಳಲ್ಲೂ ಹೆಚ್ಚು, ಹಳ್ಳಿಗಳಿಗೂ ಹಬ್ಬುತ್ತಿದೆ. ಸಕ್ಕರೆ ದಿನಕ್ಕೆ ಆರು ಟೀ ಚಮಚದೊಳಗಿದ್ದರೆ ಒಳ್ಳೆಯದು. ಎರಡೆರಡು ಚಮಚ ಹಾಕಿದ ಮೂರು ಲೋಟ ಕಾಫಿಗೇ ಆ ಲೆಕ್ಕ ಮುಗಿಯಿತು! ಬೇಕರಿ ತಿನಿಸು, ಮದ್ಯ, ನಡುರಾತ್ರಿ ಆರ್ಡರ್ ಮಾಡುವ ಊಟ ಕಡಿಮೆ ಮಾಡಿ. ಏಳು ಗಂಟೆ ನಿದ್ದೆ ಮಾಡಿ.

7. ತಪಾಸಣೆ ಮಾಡಿಸಿ, ಜಾಗ ಕೇಳಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಪರೀಕ್ಷೆಯ ಸೌಲಭ್ಯವಿದೆ. ಬಳಸಿಕೊಳ್ಳಿ. ಬೀದಿಯಲ್ಲಿ ಫುಟ್‌ಪಾತ್ ಇಲ್ಲದಿದ್ದರೆ, ಸಂಜೆ ಹೆಣ್ಣುಮಕ್ಕಳು ನಡೆಯಲು ದೀಪವಿಲ್ಲದಿದ್ದರೆ ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ನಡೆಯಿರಿ ಎಂದು ಹೇಳಿದರೆ ಸಾಲದು, ನಡೆಯಲು ಜಾಗವೂ ಬೇಕು.