ನಮ್ಮ ರೈಲುದಾರಿಯ ಸಿನಿಮಾ

ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೊರಟ ರೈಲು ಗುಬ್ಬಿ ದಾಟಿ ತಿಪಟೂರಿಗೆ ಬರುತ್ತದೆ, ತಿಪಟೂರು ಬಿಟ್ಟರೆ ಅರಸೀಕೆರೆ. ಕಿಟಕಿಯಾಚೆ ತೆಂಗಿನ ತೋಟಗಳೇ ಕಾಣುವ ಈ ದಾರಿಯಲ್ಲಿ ಕನ್ನಡ ಸಿನಿಮಾದ ಚರಿತ್ರೆಯ ದೊಡ್ಡದೊಂದು ಭಾಗವಿದೆ. ಗುಬ್ಬಿ ಕಂಪನಿ ಎಂದೇ ಹೆಸರಾದ ನಾಟಕದ ಕಂಪನಿ ಹುಟ್ಟಿದ್ದು ಗುಬ್ಬಿಯಲ್ಲಿ. ಹಳೆಯ ಕಾಲದ ಬಹುಪಾಲು ಚಿತ್ರಗಳಲ್ಲಿ ಕಾಣಿಸಿಕೊಂಡು ಕನ್ನಡಿಗರನ್ನು ನಗಿಸಿದ ನರಸಿಂಹರಾಜು ಅವರು ತಿಪಟೂರಿನವರು. ಅವರ ಜೊತೆಗಾರ ಬಾಲಕೃಷ್ಣ ಅವರು ಅರಸೀಕೆರೆಯವರು. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಿಂದ ಬಂದ ಜಗ್ಗೇಶ್ ಅವರನ್ನು ಸೇರಿಸಿಕೊಂಡರೆ ಈ ಸೀಮೆಯ ಕೊಡುಗೆ ಇಂದಿನವರೆಗೂ ಬರುತ್ತದೆ.

ಸಿನಿಮಾ ನೋಡುವುದು ಗೊತ್ತು, ಸಿನಿಮಾದ ಚರಿತ್ರೆ ಮಾತ್ರ ಗೊತ್ತಿಲ್ಲ ಎನ್ನುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮುಂದಿರುವ ಪ್ರಶ್ನೆ ಒಂದೇ: ಒಂದು ಚಿತ್ರವನ್ನು ಕನ್ನಡದ್ದು ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಕಥೆ ನೋಡಿಯೋ, ದುಡ್ಡು ಹಾಕಿದವರನ್ನು ನೋಡಿಯೋ, ತೆಗೆದ ಜಾಗ ನೋಡಿಯೋ, ಆಡಿದ ಮಾತು ಕೇಳಿಯೋ?

ಮೊದಲ ಮಾತಿನ ಚಿತ್ರವನ್ನೇ ತೆಗೆದುಕೊಳ್ಳಿ. ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಹಣ ಹಾಕಿದವರು ಚಮನ್‌ಲಾಲ್ ಡೂಂಗಾಜಿ ಎಂಬ ಮಾರ್ವಾಡಿ ವ್ಯಾಪಾರಿ. ನಿರ್ದೇಶಿಸಿದವರು ತೆಲುಗು ನಾಡಿನ ವೈ.ವಿ. ರಾವ್. ಚಿತ್ರೀಕರಣ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಕಥೆ ರಾಮಾಯಣದ ಕಡೆಯದು, ಇಂದ್ರಜಿತುವಿನ ಹೆಂಡತಿಯದು. ಹಾಗಾದರೆ ಇದರಲ್ಲಿ ಕನ್ನಡದ್ದು ಏನಿತ್ತು? ಮಾತು ಮತ್ತು ಹಾಡು ಇತ್ತು. ಅವನ್ನು ಬರೆದವರು ತುಮಕೂರಿನ ಪಕ್ಕದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು. ಆ ಮಾತನ್ನು ಆಡಿದವರು ಆರ್. ನಾಗೇಂದ್ರರಾಯರು, ಎಂ.ವಿ. ಸುಬ್ಬಯ್ಯ ನಾಯ್ಡು ಅವರು, ತ್ರಿಪುರಾಂಬ ಅವರು. ಅವರ ಅಭಿನಯದ ಹಿಂದೆ ವೃತ್ತಿರಂಗಭೂಮಿಯ ಪಳಗಿಕೆಯಿತ್ತು. ಕ್ಯಾಮೆರಾ ಹೊರಗಿನದು, ಬಂಡವಾಳ ಹೊರಗಿನದು, ನಾಲಿಗೆ ನಮ್ಮದು. ಕನ್ನಡ ಸಿನಿಮಾದ ಮೊದಲ ಇಪ್ಪತ್ತು ವರ್ಷದ ಕಥೆ ಹೆಚ್ಚುಕಡಿಮೆ ಇಷ್ಟೇ.

ಆ ನಾಲಿಗೆ ತಯಾರಾದದ್ದು ಎಲ್ಲಿ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘವೊಂದು ಹುಟ್ಟಿತು. ಗುಬ್ಬಿ ವೀರಣ್ಣನವರು ಹುಡುಗನಾಗಿ ಸೇರಿ, ಮುಂದೆ ಅದರ ಯಜಮಾನರಾದರು. ಸ್ವತಃ ದೊಡ್ಡ ಹಾಸ್ಯ ನಟರು. ‘ಸದಾರಮೆ’ ನಾಟಕದಲ್ಲಿ ಅವರ ಕಳ್ಳನ ಪಾತ್ರ ನೋಡಲು ಜನ ಮುಗಿಬೀಳುತ್ತಿದ್ದರು. ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಊರಿಂದೂರಿಗೆ ಸಾಮಾನು ಸಾಗಿಸಿ, ಕ್ಯಾಂಪು ಹಾಕಿ, ತಿಂಗಳುಗಟ್ಟಲೆ ಆಡಿ, ಮತ್ತೆ ಮುಂದಿನ ಊರಿಗೆ ಹೋಗುವುದು ಕಂಪನಿಯ ಬದುಕು. ಮೈಕಿಲ್ಲದ ಕಾಲದಲ್ಲಿ ಕಡೆಯ ಸಾಲಿನ ನೆಲದ ಮೇಲೆ ಕೂತವನಿಗೂ ಪ್ರತಿ ಅಕ್ಷರ ಕೇಳಬೇಕು. ಮಹಾಪ್ರಾಣ ಮಹಾಪ್ರಾಣವಾಗಿಯೇ ಬರಬೇಕು, ಹಾಡು ಮಾತಿನಿಂದಲೇ ಎದ್ದು ಮಾತಿಗೇ ಇಳಿಯಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ಕಾಯಿ ಒಳಗೊಳಗೇ ನೀರಿಂಗಿ ಗಿಟುಕಾಗುವಂತೆ ಈ ನಟರ ಮಾತು ವರ್ಷಗಟ್ಟಲೆ ಮಾಗಿ ಗಟ್ಟಿಯಾಯಿತು.

ವೀರಣ್ಣನವರು ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾಕ್ಕೆ ಕೈಹಾಕಿದ್ದರು. 1935ರಲ್ಲಿ ‘ಸದಾರಮೆ’, 1942ರಲ್ಲಿ ‘ಜೀವನ ನಾಟಕ’, 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ ತೆರೆಗೆ ಬಂದವು. 1954ರಲ್ಲಿ ಅವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ‘ಬೇಡರ ಕಣ್ಣಪ್ಪ’ವನ್ನು ತಂದಿತು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಅದರಲ್ಲಿ ನಾಯಕನಾಗಿ ಬಂದ ಮುತ್ತುರಾಜ್ ಎಂಬ ಯುವಕ ರಾಜ್‌ಕುಮಾರ್ ಆದರು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯ ನಟರೇ. ಅದೇ ಚಿತ್ರದಿಂದ ತಿಪಟೂರಿನ ನರಸಿಂಹರಾಜು ಅವರೂ ಜಿ.ವಿ. ಅಯ್ಯರ್ ಅವರೂ ತೆರೆಯ ಮೇಲೆ ನೆಲೆ ಕಂಡರು. ಈ ಚಿತ್ರವೂ ತಯಾರಾದದ್ದು ಮದರಾಸಿನಲ್ಲಿ ಎಂಬುದನ್ನು ಮರೆಯಬೇಡಿ.

ನರಸಿಂಹರಾಜು ಅವರ ಬಗ್ಗೆ ನಮ್ಮ ಊರಿನಲ್ಲೇ ಕಡಿಮೆ ಮಾತಾಡುತ್ತೇವೆ ಎನ್ನುವುದು ನನಗೆ ನೋವಿನ ಸಂಗತಿ. 1923ರಲ್ಲಿ ಹುಟ್ಟಿ, ಎಳೆಯ ವಯಸ್ಸಿಗೇ ನಾಟಕದ ಕಂಪನಿ ಸೇರಿದವರು. 1979ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಣಕಲು ಮೈ, ಮುಂಚಾಚಿದ ಹಲ್ಲು, ಚುರುಕು ಮಾತು ಇಡೀ ನಾಡಿಗೆ ಪರಿಚಿತವಾಗಿದ್ದವು. 1965ರ ‘ಸತ್ಯಹರಿಶ್ಚಂದ್ರ’ದಲ್ಲಿ ಅವರ ನಕ್ಷತ್ರಿಕನನ್ನು ನೋಡಿ. ರಾಜ ಉದಾತ್ತವಾದ ಗ್ರಂಥಸ್ಥ ಕನ್ನಡ ಆಡುತ್ತಾನೆ. ಸಾಲ ವಸೂಲಿಗೆ ಬಂದ ನಕ್ಷತ್ರಿಕ ಅವನ ಹಿಂದೆ ಬಿದ್ದು, ಗೊಣಗಿ, ಕಾಡಿ, ಬಿಸಿಲಿಗೆ ಬೈದು ಆ ಉದಾತ್ತತೆಯನ್ನು ನೆಲಕ್ಕೆ ಇಳಿಸುತ್ತಾನೆ. ಹಳೆಯ ಚಿತ್ರಗಳಲ್ಲಿ ನಾಯಕನ ಕನ್ನಡ ಪುಸ್ತಕದ್ದಾಗಿದ್ದರೆ, ದಿನನಿತ್ಯದ ಕನ್ನಡ ಬದುಕಿ ಉಳಿದದ್ದು ಹೆಚ್ಚಾಗಿ ಹಾಸ್ಯ ನಟರ ಬಾಯಲ್ಲಿ. ಆದ್ದರಿಂದಲೇ ಇವರನ್ನು ‘ನಗಿಸುವವರು’ ಎಂದಷ್ಟೇ ಕರೆದರೆ ಸಾಲದು ಎನ್ನುತ್ತೇನೆ.

‘ಬೇಡರ ಕಣ್ಣಪ್ಪ’ ಬಂದ ಮೇಲೂ ಮದರಾಸಿನಲ್ಲಿ ಕನ್ನಡ ಚಿತ್ರಗಳ ಸಂಖ್ಯೆ ಬೆರಳೆಣಿಕೆಯದು, ಕಲಾವಿದರಿಗೆ ಕೆಲಸ ಕಡಿಮೆ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ನಾಡಿನಲ್ಲಿ ನಾಟಕ ಆಡುತ್ತಾ ತಿರುಗಿದರು, 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ಮಾಡಿದರು. ರಾಜ್ಯ ಒಂದಾಗಿ ಆಗಿನ್ನೂ ನಾಲ್ಕು ವರ್ಷ. ಮೈಸೂರಿನ ದೊರೆಯೊಬ್ಬನ ಕಥೆಯನ್ನು, ನಾಲ್ವರು ಕನ್ನಡ ನಟರೇ ನಿರ್ಮಾಪಕರಾಗಿ ತೆರೆಗೆ ತಂದದ್ದು ಸಣ್ಣ ಮಾತಲ್ಲ. ಪುರಾಣದ ಕಥೆ ದಕ್ಷಿಣದ ಎಲ್ಲ ಭಾಷೆಗೂ ಸಲ್ಲುತ್ತಿತ್ತು. ಕಂಠೀರವ ನರಸರಾಜ ಒಡೆಯರ ಕಥೆ ಇಲ್ಲಿನವರಿಗೇ ಸಲ್ಲುವಂಥದ್ದು.

ಈ ಹಂತದಲ್ಲಿ ದೂರದ ಇನ್ನೊಂದು ನಾಡಿನ ಕಡೆ ಕಣ್ಣು ಹಾಯಿಸಿದರೆ ನಮ್ಮ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಫ್ರಿಕಾದ ನೈಜೀರಿಯದಲ್ಲಿ ಯೊರುಬಾ ಭಾಷೆಯ ಸಂಚಾರಿ ನಾಟಕ ಕಂಪನಿಗಳಿದ್ದವು. 1945ರಲ್ಲಿ ವೃತ್ತಿನಾಟಕ ತಂಡ ಕಟ್ಟಿದ ಹ್ಯೂಬರ್ಟ್ ಒಗುಂಡೆ ಎಂಬುವರು ಊರೂರು ತಿರುಗಿ ಹಾಡು, ಕುಣಿತ, ಮಾತು ಬೆರೆತ ನಾಟಕ ಆಡಿ, 1970ರ ದಶಕದ ಕೊನೆಗೆ ‘ಆಯೆ’ ಎಂಬ ತಮ್ಮ ನಾಟಕವನ್ನೇ ಸಿನಿಮಾ ಮಾಡಿದರು. ನಮ್ಮ ವೀರಣ್ಣನವರ ದಾರಿಯೇ ಅದು. ಮುಂದೆ ಅಲ್ಲಿ ಆರ್ಥಿಕ ಕುಸಿತ ಬಂದು ಚಿತ್ರಮಂದಿರಗಳು ಮುಚ್ಚಿದವು, ಫಿಲ್ಮ್ ದುಬಾರಿಯಾಯಿತು. 1992ರಲ್ಲಿ ಕೆನೆತ್ ನೆಬ್ಯೂ ಎಂಬ ವ್ಯಾಪಾರಿ ಇಗ್ಬೊ ಭಾಷೆಯಲ್ಲಿ ‘ಲಿವಿಂಗ್ ಇನ್ ಬಾಂಡೇಜ್’ ಎಂಬ ಚಿತ್ರವನ್ನು ನೇರ ವಿಡಿಯೋ ಕ್ಯಾಸೆಟ್ಟಿಗೆ ತೆಗೆಸಿ ಮಾರಿದರು. ಹಣದಾಸೆಗೆ ಹೆಂಡತಿಯನ್ನೇ ಬಲಿಕೊಟ್ಟವನ ಕಥೆ. ಕ್ಯಾಸೆಟ್ಟು ಬಿಸಿಬಿಸಿಯಾಗಿ ಖರ್ಚಾಯಿತು, ಅದರ ಬೆನ್ನಿಗೆ ಸಾವಿರಾರು ಚಿತ್ರಗಳು ಬಂದವು. 2009ರಲ್ಲಿ ಯುನೆಸ್ಕೊ ಪ್ರಕಟಿಸಿದ ಲೆಕ್ಕದಲ್ಲಿ ಚಿತ್ರಗಳ ಸಂಖ್ಯೆಯಲ್ಲಿ ಭಾರತದ ನಂತರದ ಸ್ಥಾನ ನೈಜೀರಿಯದ್ದು. ಆ ಉದ್ಯಮಕ್ಕೆ ನಾಲಿವುಡ್ ಎಂಬ ಹೆಸರು ಅಂಟಿಕೊಂಡಿತು.

ಬೆಳೆದಂತೆಲ್ಲ ಅಲ್ಲೂ ಪ್ರಶ್ನೆಗಳು ಎದ್ದವು. ಮಾಟಮಂತ್ರ, ದಿಢೀರ್ ಶ್ರೀಮಂತಿಕೆ ಇವನ್ನೇ ತೋರಿಸಿ ನಾಡಿನ ಹೆಸರು ಕೆಡಿಸುತ್ತಿದ್ದಾರೆ ಎಂದು ಕೆಲವರು ಸಿಟ್ಟಾದರು. ಜನ ನಿಜವಾಗಿ ಹೆದರುವುದನ್ನೇ ಅಲ್ಲವೆ ತೋರಿಸಿದ್ದು ಎಂದು ಇನ್ನು ಕೆಲವರು ಕೇಳಿದರು. ಉತ್ತರದ ಕಾನೋ ನಗರದ ಹೌಸಾ ಚಿತ್ರಗಳಲ್ಲಿ ಹಿಂದಿ ಸಿನಿಮಾದ ಹಾಡು ಕುಣಿತದ ನೆರಳಿದೆ, ಅದು ನಮ್ಮ ಸಂಸ್ಕೃತಿಯಲ್ಲ ಎಂದು ಅಲ್ಲಿನ ಹಿರಿಯರು ಆಕ್ಷೇಪಿಸಿದರು. 2019ರಲ್ಲಿ ಜೆನೆವೀವ್ ನಾಜಿ ಅವರ ‘ಲಯನ್‌ಹಾರ್ಟ್’ ಚಿತ್ರವನ್ನು ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗದಿಂದ ಕೈಬಿಟ್ಟರು. ಕಾರಣ, ಮಾತು ಬಹುಪಾಲು ಇಂಗ್ಲಿಷಿನಲ್ಲಿದೆ ಎಂಬುದು. ನೂರಾರು ಭಾಷೆಗಳ ನಾಡಿನಲ್ಲಿ ಇಂಗ್ಲಿಷೇ ನಮ್ಮನ್ನು ಒಬ್ಬರಿಗೊಬ್ಬರು ಮುಟ್ಟಿಸುವ ಭಾಷೆ ಎಂದು ನಾಜಿ ಉತ್ತರ ಕೊಟ್ಟರು. ನಮ್ಮಲ್ಲಿ ಸಿನಿಮಾಕ್ಕೆ ಕನ್ನಡವೆಂಬ ಒಂದು ಆಧಾರ ಮೊದಲಿನಿಂದಲೂ ಇತ್ತು. ಅವರಿಗೆ ಆ ಸೌಲಭ್ಯವೂ ಇರಲಿಲ್ಲ.

ಮತ್ತೆ ನಮ್ಮ ಕಡೆಗೆ ಬರೋಣ. 1960ರ ದಶಕದಲ್ಲಿ ಬೆಂಗಳೂರಿನ ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು, ಹಿಂದಿ ಚಿತ್ರಗಳದ್ದೇ ಮೇಲುಗೈ. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಕೂಡಿಸಿ ತಂದುಬಿಟ್ಟರೆ ಇಲ್ಲಿನ ಕಲಾವಿದರು, ತಂತ್ರಜ್ಞರು ಉಳಿಯುವುದೇ ಇಲ್ಲ ಎಂದು ಕಾದಂಬರಿಕಾರ ಅ.ನ.ಕೃ., ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಮೊದಲಾದವರು ಹೋರಾಟಕ್ಕಿಳಿದರು. ಡಬ್ಬಿಂಗ್ ನಿಂತಿತು. ಸರ್ಕಾರದ ಸಹಾಯಧನ ಬಂತು, ಉದ್ಯಮ ನಿಧಾನವಾಗಿ ಮದರಾಸಿನಿಂದ ಬೆಂಗಳೂರಿಗೆ ಬಂತು. ಆ ಹೊತ್ತಿಗೆ ಆ ಹೋರಾಟ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಡಬ್ಬಿಂಗ್ ಬೇಡವೆಂದ ಉದ್ಯಮವೇ ರೀಮೇಕನ್ನು ಧಾರಾಳವಾಗಿ ಒಪ್ಪಿಕೊಂಡಿತು. ಬೇರೆಯವರ ಕಥೆಗೆ ನಮ್ಮ ನಟರ ಮುಖ ಕೂಡಿಸಿದ್ದು ಸ್ವಂತವಾದದ್ದು ಹೇಗೆ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಬರಲೇ ಇಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಮೂರು ವರ್ಷ ಕಳೆದ ಮೇಲೆ ಕನ್ನಡದ ‘ಕೆಜಿಎಫ್’ ಹಿಂದಿ, ತೆಲುಗು, ತಮಿಳು, ಮಲಯಾಳಕ್ಕೆ ಡಬ್ ಆಗಿ ದೇಶವೆಲ್ಲ ಓಡಿತು.

ಹೊರಗಿನವರು ಬಂದರೆ ನಮ್ಮತನ ಹೋಗುತ್ತದೆಯೇ? 1970ರ ‘ಸಂಸ್ಕಾರ’ ಇದಕ್ಕೆ ಒಳ್ಳೆಯ ಪರೀಕ್ಷೆ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯದವರು. ಕಾದಂಬರಿ ಯು.ಆರ್. ಅನಂತಮೂರ್ತಿಯವರದು, ನಟಿಸಿದವರಲ್ಲಿ ಗಿರೀಶ ಕಾರ್ನಾಡರೂ ಪಿ. ಲಂಕೇಶರೂ ಇದ್ದರು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಬಿಡುಗಡೆಯಾದ ಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ಸಿಕ್ಕಿತು. ಮಲೆನಾಡಿನ ಅಗ್ರಹಾರದ ಉಸಿರುಗಟ್ಟುವ ಬದುಕನ್ನು ಅಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರ ಅದಕ್ಕೆ ಮೊದಲು ಇರಲಿಲ್ಲ. ತಮ್ಮನ್ನು ತಾವು ಹೊಗಳಿಕೊಳ್ಳುವ ಚಿತ್ರಗಳಷ್ಟೇ ಒಂದು ಸಂಸ್ಕೃತಿಯವಾಗುವುದಿಲ್ಲ, ಪ್ರಶ್ನಿಸುವ ಚಿತ್ರಗಳೂ ಅದರವೇ.

ನಾಲ್ಕು ವರ್ಷದ ನಂತರ ಬಂದ ‘ಭೂತಯ್ಯನ ಮಗ ಅಯ್ಯು’ ಇನ್ನೊಂದು ದಾರಿ ಹಿಡಿಯಿತು. ನಿರ್ದೇಶಕ ಸಿದ್ಧಲಿಂಗಯ್ಯನವರು ನಮ್ಮ ತುಮಕೂರು ಜಿಲ್ಲೆಯವರೇ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹದಿಂದ ಹಳ್ಳಿಯ ಜಿಪುಣ ಸಾಹುಕಾರ, ಅವನ ಮಗ, ಸಾಲದಲ್ಲಿ ನರಳುವ ರೈತ ಇವರನ್ನು ಎತ್ತಿಕೊಂಡು, ಕಲಾತ್ಮಕ, ವ್ಯಾಪಾರಿ ಎಂಬ ಗೆರೆಯನ್ನೇ ಅಳಿಸಿಹಾಕಿದರು. ಕೊಬ್ಬರಿ ಮಾರುವ ಮೊದಲೇ ಮಂಡಿಯಲ್ಲಿ ಮುಂಗಡ ತಂದ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆಯೋ, ಆ ಮನೆಗಳಿಗೆಲ್ಲ ಈ ಚಿತ್ರ ಬೇಗ ಅರ್ಥವಾಗುತ್ತದೆ.

ಇನ್ನೊಂದು ವಾದವನ್ನು ನೀವು ಗಮನಿಸಲೇಬೇಕು, ಅದು ಕನ್ನಡದ ಒಳಗಿನದು. ಯಾರ ಕನ್ನಡ? ದಶಕಗಳ ಕಾಲ ತೆರೆಯ ಮೇಲಿನ ಕನ್ನಡವೆಂದರೆ ಬೆಂಗಳೂರು, ಮೈಸೂರು ಸುತ್ತಿನದು. ಗುಬ್ಬಿ, ತಿಪಟೂರು ಕಡೆಯ ನಮಗೆ ಅದು ಹತ್ತಿರದ್ದು, ಆದ್ದರಿಂದ ಕೊರತೆ ನಮಗೆ ಕಾಣಲಿಲ್ಲ. ಧಾರವಾಡದವರಿಗೆ, ಕಲಬುರಗಿಯವರಿಗೆ, ಕುಂದಾಪುರದವರಿಗೆ ಕಂಡಿತು. ಅವರ ಮಾತು ತೆರೆಗೆ ಬಂದದ್ದು ಹೆಚ್ಚಾಗಿ ನಗಿಸುವುದಕ್ಕೆ. 2015ರ ‘ತಿಥಿ’ಯಲ್ಲಿ ಮಂಡ್ಯ ಕಡೆಯ ನೊದೆಕೊಪ್ಪಲಿನ ಜನ, ಎಂದೂ ಕ್ಯಾಮೆರಾ ಮುಂದೆ ನಿಲ್ಲದವರು, ತಮ್ಮ ಮಾತನ್ನೇ ಆಡಿದರು. ಲೊಕಾರ್ನೊ ಚಿತ್ರೋತ್ಸವ ಅದಕ್ಕೆ ಪ್ರಶಸ್ತಿ ಕೊಟ್ಟಿತು. 2022ರ ‘ಕಾಂತಾರ’ ಕರಾವಳಿಯ ಮಾತನ್ನು ನಾಯಕನ ಬಾಯಿಗೆ ಕೊಟ್ಟಿತು. ಜೊತೆಗೆ, ದೈವದ ಕೋಲವನ್ನು ತೆರೆಗೆ ತರಬಹುದೆ, ಅದನ್ನು ನಡೆಸಿಕೊಂಡು ಬಂದ ಸಮುದಾಯಗಳಿಗೆ ಇದರಲ್ಲಿ ಸಿಕ್ಕಿದ್ದೇನು, ಚಿತ್ರ ನೋಡಿದವರು ವೇಷ ಹಾಕಿ ಅನುಕರಿಸುವುದು ಸರಿಯೆ ಎಂಬ ಚರ್ಚೆಯೂ ಎದ್ದಿತು. ಆ ಚರ್ಚೆ ಬೇಕಾದದ್ದು. ನಾಲಿವುಡ್ಡಿನ ಮಾಟಮಂತ್ರದ ಜಗಳಕ್ಕೂ ಇದಕ್ಕೂ ಹತ್ತಿರದ ನಂಟಿದೆ: ನಂಬುವವರದ್ದನ್ನು ನೋಡುವವರಿಗೆ ಮಾರುವಾಗ ಯಾರ ಒಪ್ಪಿಗೆ ಬೇಕು?

ಇಷ್ಟು ಓದಿದವರು ನೋಡಲು ಶುರುಮಾಡುವುದು ಎಲ್ಲಿಂದ? ‘ಬೇಡರ ಕಣ್ಣಪ್ಪ’ದಿಂದ ಶುರುಮಾಡಿ, ಕಣ್ಣುಮುಚ್ಚಿ ಸ್ವಲ್ಪ ಹೊತ್ತು ಮಾತು ಮಾತ್ರ ಕೇಳಿ, ನಾಟಕದ ಕಂಪನಿಯ ಉಚ್ಚಾರ ಗೊತ್ತಾಗುತ್ತದೆ. ‘ಸತ್ಯಹರಿಶ್ಚಂದ್ರ’ದಲ್ಲಿ ರಾಜ್‌ಕುಮಾರ್ ಅವರಿಂದ ಕಣ್ಣು ತೆಗೆದು ನರಸಿಂಹರಾಜು ಅವರನ್ನೇ ನೋಡಿ. ‘ಸಂಸ್ಕಾರ’ವನ್ನೂ ‘ಭೂತಯ್ಯನ ಮಗ ಅಯ್ಯು’ವನ್ನೂ ಒಂದೇ ವಾರದಲ್ಲಿ ನೋಡಿದರೆ ಒಳ್ಳೆಯದು. ‘ತಿಥಿ’ ನೋಡುವಾಗ ಮನೆಯ ಹಿರಿಯರು ಪಕ್ಕದಲ್ಲಿರಲಿ, ಅವರು ಎಲ್ಲಿ ನಗುತ್ತಾರೆ ಎಂದು ಗಮನಿಸಿ. ಆಮೇಲೆ ಸಿಕ್ಕಿದರೆ ಯೊರುಬಾ ಭಾಷೆಯ ‘ಸವೊರೊಯಿದೆ’ ನೋಡಿ. 1999ರ ಚಿತ್ರ, ನಿರ್ದೇಶಕ ಟುಂಡೆ ಕೆಲಾನಿ. ಮಾತನಾಡುವ ನಗಾರಿಯೊಂದು ರಾಜನನ್ನು ಅವನ ಪ್ರಮಾಣಕ್ಕೆ ಕಟ್ಟಿಹಾಕುವ ಕಥೆ ಅದು. ವೃತ್ತಿರಂಗಭೂಮಿಯ ಹಾಡು, ಮಾತು ಕೇಳಿ ಬೆಳೆದ ಸೀಮೆಯವರಿಗೆ ಅದನ್ನು ಹಿಂಬಾಲಿಸಲು ಕಷ್ಟವಾಗದು.