ವಾದ್ಯವೃಂದದಲ್ಲಿ ಸುಳುಹಿನ ಸ್ವರಗಳು

ಶಾಲೆಯ ನಾಟಕದಲ್ಲಿ ದೂತನ ಪಾತ್ರ ವಹಿಸಿದವನು ಪರದೆಯ ಮರೆಯಲ್ಲಿ ನಿಂತು, ರಾಜನ ಕಡೆಯ ಮಾತಿಗೆ ಕಿವಿಗೊಟ್ಟಿರುತ್ತಾನೆ. ಆ ಮಾತು ಕೇಳಿದೊಡನೆ ರಂಗವನ್ನು ಪ್ರವೇಶಿಸುತ್ತಾನೆ. ಪಾಶ್ಚಾತ್ಯ ಸಂಗೀತದ ವಾದ್ಯವೃಂದದಲ್ಲಿಯೂ ಇಂತಹುದೇ ಏರ್ಪಾಡೊಂದುಂಟು. ಅದನ್ನು 'ಕ್ಯೂ' ಎನ್ನುವರು. ನಾವು ಸುಳುಹಿನ ಸ್ವರವೆಂದು ಕರೆಯೋಣ.

ವೃಂದದ ನಿರ್ದೇಶಕನ ಮುಂದೆ ಎಲ್ಲ ವಾದ್ಯಗಳ ಸ್ವರಗಳನ್ನೂ ಒಂದರ ಕೆಳಗೊಂದರಂತೆ ಬರೆದ ಸಮಗ್ರ ಪ್ರತಿಯಿರುತ್ತದೆ. ವಾದಕನ ಮುಂದಿರುವುದಾದರೋ ಅವನ ವಾದ್ಯದ ಬಿಡಿ ಪ್ರತಿ ಮಾತ್ರ. ಅದರಲ್ಲಿ ಅವನು ಸುಮ್ಮನಿರಬೇಕಾದ ಭಾಗವನ್ನು ಒಂದು ದಪ್ಪ ಗೆರೆ, ಮೇಲೊಂದು ಅಂಕೆ, ಇಷ್ಟರಲ್ಲಿಯೇ ಮುಗಿಸಿರುತ್ತಾರೆ. ಅಂಕೆ 48 ಆಗಿದ್ದರೆ 48 'ಬಾರ್'ಗಳನ್ನು, ಎಂದರೆ ನಮ್ಮ ತಾಳದ ಆವರ್ತಗಳಂತಹ ಅಳತೆಗಳನ್ನು, ಅವನು ಮನಸ್ಸಿನಲ್ಲಿಯೇ ಎಣಿಸಬೇಕು. 1808ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದ ಬೀಥೋವನನ ಐದನೆಯ ಸಿಂಫನಿಯಲ್ಲಿ ಟ್ರಾಂಬೋನ್ ವಾದಕರು ಮೂರು ಭಾಗಗಳುದ್ದಕ್ಕೂ ಮೌನವಾಗಿದ್ದು, ನಾಲ್ಕನೆಯದರಲ್ಲಿ ದನಿಗೂಡಿಸುತ್ತಾರೆ. 1893ರ ಡ್ವೊರ್ಜಾಕನ ಒಂಬತ್ತನೆಯ ಸಿಂಫನಿಯಲ್ಲಂತೂ ಕಂಚಿನ ತಾಳ ಕೇಳಿಸುವುದು ಒಂದೇ ಒಂದು ಸಲ! ಎಣಿಕೆ ತಪ್ಪಿದರೆ ಆ ದಿನಕ್ಕೆ ಅದು ತಪ್ಪಿಯೇ ಹೋಯಿತು.

ಆದುದರಿಂದ ಪ್ರವೇಶಕ್ಕೆ ಮುಂಚಿನ ಕೆಲವು ಬಾರ್‌ಗಳಲ್ಲಿ ಬೇರೊಂದು ವಾದ್ಯದ ಸ್ವರಗಳನ್ನು ಚಿಕ್ಕ ಗಾತ್ರದಲ್ಲಿ ಬರೆದು, ಆ ವಾದ್ಯದ ಹೆಸರನ್ನು ಕಾಣಿಸುವರು. ಜೊತೆಗೆ ವಾದಕನ ವಿರಾಮಚಿಹ್ನೆಯನ್ನೂ ಇಡುವುದು ಅಗತ್ಯ. ಇಲ್ಲವಾದರೆ ಅವನು ಅದನ್ನು ತನ್ನ ಪಾಲೆಂದೇ ತಿಳಿದು ನುಡಿಸಿಬಿಟ್ಟಾನು.

ಹಿಂದೆ ಇದನ್ನೆಲ್ಲ ಲಿಪಿಕಾರರು ಕೈಯಿಂದ ಬರೆಯುತ್ತಿದ್ದರು. ಈಗ ಗಣಕಯಂತ್ರದ ತಂತ್ರಾಂಶಗಳಿವೆ. 'ಸಿಬೇಲಿಯಸ್' ಎಂಬುದರಲ್ಲಿ ಪಿಟೀಲಿನ ಸಾಲನ್ನು ನಕಲಿಸಿ, ಸುಳುಹಾಗಿ ಅಂಟಿಸೆಂದು ಆಜ್ಞೆಯಿತ್ತರೆ ಸಾಕು: ಸ್ವರಗಳು ಚಿಕ್ಕವಾಗುತ್ತವೆ, ಹೆಸರು ಮೂಡುತ್ತದೆ, ಸಮಗ್ರ ಪ್ರತಿಯಲ್ಲಿ ಅವು ಮರೆಯಾಗಿರುತ್ತವೆ. ಆದರೆ ಅದು ನಕಲು. ಮುಂದೆ ರಚನಕಾರನು ಪಿಟೀಲಿನ ಸ್ವರಗಳನ್ನು ತಿದ್ದಿದರೂ ಸುಳುಹು ಹಳೆಯದೇ ಉಳಿಯುತ್ತದೆ. ಕಾದು ಕುಳಿತವನು ಎಂದಿಗೂ ಬಾರದ ಸ್ವರಕ್ಕೆ ಕಿವಿಗೊಡುತ್ತಾನೆ. 2016ರಲ್ಲಿ ಬಂದ 'ಡೊರಿಕೊ'ದಲ್ಲಿ ಸುಳುಹು ಮೂಲಕ್ಕೆ ಕಟ್ಟುಬಿದ್ದಿರುತ್ತದೆ. ಮೂಲವನ್ನು ತಿದ್ದಿದರೆ ತಾನೂ ತಿದ್ದಿಕೊಳ್ಳುತ್ತದೆ. ಈ ಕ್ರಮವೇ ಮೇಲೆಂದು ನಮಗೆ ತೋರುತ್ತದೆ.

ಸ್ಥಾಯಿಯ ವಿಚಾರವೊಂದಿದೆ. ಬಿ-ಫ್ಲ್ಯಾಟ್ ಕ್ಲಾರಿಯೋನೆಟ್ಟಿನವನು 'ಸಿ' ಎಂದು ಓದಿ ಊದಿದರೆ ಹೊರಡುವುದು 'ಬಿ-ಫ್ಲ್ಯಾಟ್'. ಆದಕಾರಣ ಪಿಟೀಲಿನ 'ಸಿ'ಯನ್ನು ಅವನ ಪ್ರತಿಯಲ್ಲಿ ಒಂದು ಸ್ವರ ಮೇಲೆ, 'ಡಿ' ಎಂದು ಬರೆಯಬೇಕು. ಈ ಲೆಕ್ಕವನ್ನು ಯಂತ್ರವು ಚೆನ್ನಾಗಿ ಮಾಡುತ್ತದೆ.

ಯಾವ ವಾದ್ಯವನ್ನು ಸುಳುಹಿಗೆ ಆರಿಸಬೇಕೆಂಬುದು ಮಾತ್ರ ಅದಕ್ಕೆ ತಿಳಿಯದು. ತುತ್ತೂರಿಗಳು ಮೊಳಗುತ್ತಿರುವಾಗ ಕೊಳಲಿನ ಮೆಲುದನಿಯನ್ನು ಸುಳುಹಾಗಿ ಕೊಟ್ಟರೆ ಹಿಂದಿನ ಸಾಲಿನ ಭೇರಿಯವನಿಗೆ ಏನು ಕೇಳಿಸೀತು? ಅವನ ಪೀಠದಲ್ಲಿ ತಾವು ಕುಳಿತಂತೆ ಭಾವಿಸಿಕೊಂಡೇ ಆರಿಸಬೇಕು. 2006ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಚೇರಿಗೆ ಹೋಗುವ ವಿದ್ಯಾರ್ಥಿಗಳು, ಪಿಟೀಲಿನವರನ್ನು ಬಿಟ್ಟು ತುಸು ಹೊತ್ತು ಆ ಹಿಂದಿನ ಸಾಲಿನ ಕಡೆಗೆ ನೋಡಲಿ. ತಾಳವನ್ನು ಮಡಿಲಲ್ಲಿಟ್ಟುಕೊಂಡು ಎಣಿಸುತ್ತ ಕುಳಿತವರು ಅಲ್ಲಿ ಕಂಡಾರು.